ಮೈನಸ್ ಮೂವತ್ತೆಂಟು

ನಾನು ಕಣ್ಣು ಪರೀಕ್ಷೆ ಮಾಡುವವನು. ಶಿವಮೊಗ್ಗದ ದುರ್ಗಿಗುಡಿಯ ಒಂದು ಕನ್ನಡಕದ ಅಂಗಡಿಯಲ್ಲಿ ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಬಂದವರನ್ನು ಕೂರಿಸಿ, ಒಂದಾದ ಮೇಲೊಂದು ಗಾಜು ಬದಲಿಸುತ್ತ, "ಇದರಲ್ಲಿ ಚೆನ್ನಾಗಿ ಕಾಣತ್ತಾ, ಇದರಲ್ಲಾ" ಎಂದು ದಿನಕ್ಕೆ ನೂರು ಸಲ ಕೇಳುತ್ತೇನೆ. ಉಳಿದ ಹೊತ್ತಿನಲ್ಲಿ ಕೀಬೋರ್ಡ್ ನುಡಿಸುತ್ತೇನೆ, ಟ್ಯೂನ್ ಹಾಕುತ್ತೇನೆ. ಇಲ್ಲಿಯವರೆಗೆ ನೂರ ನಲವತ್ತು ಚಿಲ್ಲರೆ ಟ್ಯೂನ್ ಹಾಕಿದ್ದೇನೆ. ಅವುಗಳಲ್ಲಿ ಊರಿನ ಕಿವಿಗೆ ಬಿದ್ದದ್ದು ಮೂರು: ಒಂದು ಗಣಪತಿ ಪೆಂಡಾಲಿನಲ್ಲಿ, ಒಂದು ಭಾವಮೈದುನನ ಮದುವೆ ವಿಡಿಯೋದಲ್ಲಿ, ಇನ್ನೊಂದು ಕಸದ ಗಾಡಿಯಲ್ಲಿ. ಕಸದ ಗಾಡಿಯವರು ಎರಡೇ ತಿಂಗಳಿಗೆ ಅದನ್ನು ತೆಗೆದು ಬೇರೆ ಹಾಕಿಕೊಂಡರು.

ಸಿನಿಮಾ ಬಗ್ಗೆ ನನಗೆ ಅಭಿಪ್ರಾಯಗಳಿವೆ. ನನ್ನ ಹೆಂಡತಿ ರಂಜಿನಿಯ ಪ್ರಕಾರ ನನ್ನ ಹತ್ತಿರ ಇರುವುದು ಅಭಿಪ್ರಾಯಗಳು ಮಾತ್ರ. ಕೋಟೆ ಕಡೆಯ ಒಂದಷ್ಟು ಸಂಗೀತದ ಹುಚ್ಚಿನವರ ವಾಟ್ಸಾಪ್ ಗ್ರೂಪ್ ಇದೆ, ಅರವತ್ತಮೂರು ಜನ. ಪ್ರತಿ ಸೋಮವಾರ ಬೆಳಿಗ್ಗೆ ಅಲ್ಲಿ ಹಿಂದಿನ ದಿನ ನೋಡಿದ ಸಿನಿಮಾದ ಬಗ್ಗೆ ಬರೆಯುತ್ತೇನೆ. ಓದುವವರು ಹತ್ತು ಜನ ಇರಬಹುದು. ಉಳಿದವರು ಹೆಬ್ಬೆರಳು ತೋರಿಸಿ ಮುಂದೆ ಹೋಗುತ್ತಾರೆ.

ಭಾನುವಾರದ ಮ್ಯಾಟಿನಿಗೆ ನನ್ನ ಜೊತೆಗಾರರು ಹಾಲೇಶಣ್ಣ. ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಫಿಟ್ಟರ್ ಆಗಿದ್ದು ರಿಟೈರ್ ಆದವರು, ನನಗಿಂತ ಹದಿಮೂರು ವರ್ಷ ದೊಡ್ಡವರು, ತಬಲಾ ನುಡಿಸುತ್ತಾರೆ. ಅವರು ಶಿವಮೊಗ್ಗಕ್ಕೆ ಬರುತ್ತಾರೆ, ಸಿನಿಮಾ ನೋಡುತ್ತೇವೆ. ಆಮೇಲೆ ನಾನು ಕೀಬೋರ್ಡಿನ ಚೀಲ ಹೆಗಲಿಗೇರಿಸಿ ಅವರ ಜೊತೆ ಬಸ್ಸು ಹತ್ತುತ್ತೇನೆ. ಭದ್ರಾವತಿ ನ್ಯೂಟೌನಿನ ಅವರ ಮನೆಯಲ್ಲಿ ಅವರ ಹೆಂಡತಿ ಕರಿಬಸಮ್ಮ ಕಲಸಿಕೊಟ್ಟ ಮಂಡಕ್ಕಿ ತಿನ್ನುತ್ತ ಸಿನಿಮಾವನ್ನು ಮನಸಾರೆ ಬೈದು, ಬಾಯಿ ತೊಳೆದುಕೊಂಡು, ನುಡಿಸಲು ಕೂರುತ್ತೇವೆ. ಹತ್ತೊಂಬತ್ತು ವರ್ಷದಿಂದ ನಮ್ಮ ಭಾನುವಾರ ಅಂದರೆ ಇಷ್ಟೇ.

ಈಗಿನ ಸಿನಿಮಾಗಳ ಮೇಲೆ ನನ್ನ ಮೊದಲ ದೂರು ಸದ್ದಿನದು. ನಾಯಕ ಕಾರಿನಿಂದ ಒಂದು ಕಾಲು ಹೊರಗಿಟ್ಟರೆ ನಲವತ್ತು ಡೋಲು ಬಡಿಯುತ್ತವೆ. ಇನ್ನೊಂದು ಕಾಲು ಇಡುವುದರೊಳಗೆ ನಮ್ಮ ಪಾಪ್‌ಕಾರ್ನ್ ಮುಗಿದಿರುತ್ತದೆ. ತಾಯಿ ಸಾಯುವುದಕ್ಕೆ ಒಂದು ನಿಮಿಷ ಮುಂಚೆಯೇ ಪಿಟೀಲು ಬಂದು ಕೂತಿರುತ್ತದೆ. ಪಾಪ, ಆಯಮ್ಮನಿಗೆ ಇನ್ನೂ ಗೊತ್ತಿರುವುದಿಲ್ಲ, ನಮಗೆ ಗೊತ್ತಾಗಿರುತ್ತದೆ. ಹಾಡು ಅನ್ನುವುದು ಪಲ್ಲವಿಗೇ ನಿಂತುಹೋಗಿದೆ, ಚರಣ ಶುರುವಾಗುವ ಹೊತ್ತಿಗೆ ಯಾರೋ ಯಾರನ್ನೋ ಕೊಚ್ಚುತ್ತಿರುತ್ತಾರೆ. ಒಂದು ಸೋಮವಾರ ನಾನು ಬರೆದಿದ್ದೆ: "ಪಾತ್ರೆ ಉಜ್ಜುವ ಸದ್ದು ಕೇಳಿಸುವ ಧೈರ್ಯ ನಿಮಗಿಲ್ಲದಿದ್ದರೆ ಸಿನಿಮಾದಲ್ಲಿ ಹೆಂಗಸರ ಕೈಯಲ್ಲಿ ಪಾತ್ರೆ ಉಜ್ಜಿಸಬೇಡಿ." ಅದಕ್ಕೆ ಹದಿನಾಲ್ಕು ಹೆಬ್ಬೆರಳು ಬಂದಿದ್ದವು. ನನ್ನ ಮಟ್ಟಿಗೆ ಅದು ದಾಖಲೆ.

ಹಾಲೇಶಣ್ಣನ ದೂರು ಲೂಪಿನದು. ಕಂಪ್ಯೂಟರಿನಲ್ಲಿ ಒಂದು ಸುತ್ತಿನ ತಾಳ ಇಟ್ಟುಕೊಂಡು ಹಾಡು ಮುಗಿಯುವವರೆಗೆ ಅದನ್ನೇ ತಿರುಗಿಸುವುದಕ್ಕೆ ಲೂಪ್ ಅನ್ನುತ್ತಾರೆ. ಅವರು ಥಿಯೇಟರಿನಲ್ಲಿ ಕಣ್ಣು ಮುಚ್ಚಿ ಕೂತು ತೊಡೆಯ ಮೇಲೆ ಬೆರಳಾಡಿಸಿ ಅದನ್ನು ಹಿಡಿಯುತ್ತಿದ್ದರು. "ಮನುಷ್ಯ ಹೊಡೆದ್ರೆ ಎರಡ್ನೇ ಸಲ ಸ್ವಲ್ಪನಾದ್ರೂ ಬೇರೆ ಆಗೇ ಆಗತ್ತೆ ಶಿವು. ಇದು ಗೋಡೆ ಗಡಿಯಾರ ಮಾರಾಯ" ಅನ್ನುತ್ತಿದ್ದರು. ಅವರು ಮೆಚ್ಚಿದ ಸಿನಿಮಾ ಈಚೆಗೆ ಒಂದೇ. ಮೂರು ದಿನ ಓಡಿ ಹೋದ ಸಣ್ಣ ಚಿತ್ರ, ನಾವು ಹೋದಾಗ ಒಳಗೆ ಹನ್ನೊಂದು ಜನ. ನಡುವೆ ಒಂದು ಕಡೆ ಏಳೆಂಟು ನಿಮಿಷ ಸಂಗೀತವೇ ಇರಲಿಲ್ಲ. ಹಾಲೇಶಣ್ಣ ನನ್ನ ಕೈ ಒತ್ತಿ "ಕೇಳು" ಅಂದರು. ಹಂಡೆಯಲ್ಲಿ ನೀರು ಕಾಯುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಅದರ ಬಗ್ಗೆ ನಾವು ಮೂರು ಭಾನುವಾರ ಮಾತಾಡಿದೆವು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಹಾಲೇಶಣ್ಣನ ತಬಲಾ ಯಾವ ವಾದ್ಯಕ್ಕೂ ಹೊಂದುವುದಿಲ್ಲ. ಅವರ ಷಡ್ಜ ಕಾರ್ಖಾನೆಯ ಸೈರನ್ನು. ಎರಡು ಗಂಟೆಯ ಪಾಳಿಗೆ ಕೂಗುತ್ತದಲ್ಲ, ಕೆಳಗಿನಿಂದ ಏರಿ ಏರಿ ಒಂದು ಕಡೆ ನಿಲ್ಲುತ್ತದೆ, ಆ ನಿಂತ ಸ್ವರ. ಭದ್ರಾವತಿಯ ಹಳೇ ಆರ್ಕೆಸ್ಟ್ರಾದವರೆಲ್ಲ ವಾದ್ಯ ಕೂಡಿಸುತ್ತಿದ್ದದ್ದು ಅದಕ್ಕೇ. ಶ್ರುತಿಪೆಟ್ಟಿಗೆ ಕೆಡಬಹುದು, ಹಾರ್ಮೋನಿಯಂ ಮುನಿಸಿಕೊಳ್ಳಬಹುದು, ಸೈರನ್ ಮಾತ್ರ ತಪ್ಪದೆ ಬರುತ್ತದೆ ಅನ್ನುವುದು ಅವರ ಲೆಕ್ಕಾಚಾರ. ಹೊರಗಿನಿಂದ ಬಂದ ಗಾಯಕರು ವೇದಿಕೆಯ ಮೇಲೆ ಮುಖ ಕಿವುಚಿಕೊಂಡು ಹಾಡಿ ಹೋಗುತ್ತಿದ್ದರಂತೆ. ಆ ಸ್ವರ ಕೀಬೋರ್ಡಿನ ಎರಡು ಕೀಗಳ ನಡುವೆ ಎಲ್ಲೋ ಬೀಳುತ್ತದೆ. ಮೊದಲ ಸಲ ಅವರ ಜೊತೆ ಕೂತಾಗ ನನಗೆ ಹಲ್ಲು ಜುಂ ಅಂದಿತ್ತು. ಆಮೇಲೆ ಕೀಬೋರ್ಡಿನ ಟ್ಯೂನಿಂಗ್ ಗುಂಡಿ ಒತ್ತಿ ಒಂದೊಂದೇ ಅಂಕಿ ಇಳಿಸುತ್ತ ಹೋದೆ. ಮೈನಸ್ ಮೂವತ್ತೆಂಟಕ್ಕೆ ಬಂದಾಗ ಎರಡೂ ಸ್ವರ ಒಂದಾಗಿ ಕೂತವು. ಅಂದಿನಿಂದ ಅವರ ಮನೆಯಲ್ಲಿ ಕೀಬೋರ್ಡ್ ಆನ್ ಮಾಡಿದ ಕೂಡಲೇ ನನ್ನ ಬೆರಳು ತಾನಾಗಿ ಆ ಗುಂಡಿಗೆ ಹೋಗುತ್ತದೆ.

ಕಳೆದ ಮಾರ್ಗಶಿರದಲ್ಲಿ ಸ್ಫೂರ್ತಿ ಅನ್ನುವ ಹುಡುಗಿ ಅಂಗಡಿಗೆ ಬಂದಳು. ಭದ್ರಾವತಿಯವಳು, ಇಪ್ಪತ್ತೆಂಟು ಇಪ್ಪತ್ತೊಂಬತ್ತು ವಯಸ್ಸಿರಬಹುದು. ಗಾಜು ಬದಲಿಸಿ "ಇದರಲ್ಲಾ, ಇದರಲ್ಲಾ" ಎಂದು ಕೇಳುತ್ತಿದ್ದರೆ ಅವಳು ಅಕ್ಷರ ಓದುವುದು ಬಿಟ್ಟು, "ಸರ್, ಪಾತ್ರೆ ಉಜ್ಜೋದರ ಬಗ್ಗೆ ಬರೆದೋರು ನೀವೇ ಅಲ್ವಾ? ನಮ್ಮ ದೊಡ್ಡಪ್ಪ ನಿಮ್ಮ ಗ್ರೂಪಲ್ಲಿದಾರೆ" ಅಂದಳು. ಅವಳು ಗೆಳೆಯರನ್ನು ಸೇರಿಸಿಕೊಂಡು ಒಂದು ಸಿನಿಮಾ ತೆಗೆಯುತ್ತಿದ್ದಳು. ಕಾರ್ಖಾನೆಯ ಗೇಟಿನ ಎದುರು ಕ್ಯಾಂಟೀನ್ ನಡೆಸುವ ಹೆಂಗಸೊಬ್ಬಳ ಕಥೆ. ಕೊನೆಯಲ್ಲಿ ಅವಳು ಕ್ಯಾಂಟೀನ್ ಮುಚ್ಚುವ ದಿನ, ಒಬ್ಬಳೇ ಕೂತು ಪಾತ್ರೆಯನ್ನೆಲ್ಲ ತೊಳೆದು ಬೋರಲು ಹಾಕುತ್ತಾಳೆ. ಆ ದೃಶ್ಯಕ್ಕೆ ಒಂದು ಟ್ಯೂನ್ ಬೇಕು, ಮಾತಿಲ್ಲದ್ದು.

"ನೀವು ಮಾಡ್ಕೊಡ್ತೀರಾ ಸರ್?"

ನಾನು ಗಾಜು ಕೈಯಲ್ಲೇ ಹಿಡಿದು ನಿಂತುಬಿಟ್ಟೆ. ನೂರ ನಲವತ್ತು ಟ್ಯೂನ್ ಹಾಕಿದವನಿಗೆ ಐವತ್ತನೇ ವಯಸ್ಸಿನಲ್ಲಿ ಒಬ್ಬರು ಬಂದು ಸಿನಿಮಾಕ್ಕೆ ಕೇಳುವುದು ಅಂದರೆ ಏನೆಂದು ಟ್ಯೂನ್ ಹಾಕದವರಿಗೆ ಹೇಗೆ ಹೇಳಲಿ? ತುಂಬಾ ಖುಷಿಯಾಯಿತು. ಆ ಖುಷಿಯಲ್ಲಿ ಅವಳ ಎಡಗಣ್ಣಿನ ನಂಬರನ್ನು ಬಲಗಣ್ಣಿಗೆ ಬರೆದೆ. ಪಾಪ, ಮರುವಾರ ಮತ್ತೆ ಬರಬೇಕಾಯಿತು.

ಭಾನುವಾರ ಸಿನಿಮಾಕ್ಕೆ ಹೋಗದೆ ನೇರ ಭದ್ರಾವತಿಗೆ ಹೋದೆ. ಹಾಲೇಶಣ್ಣ ವಿಷಯ ಕೇಳಿ ತಬಲಾದ ಗವಸು ತೆಗೆದರು. ಒಂದು ಗಂಟೆಯಲ್ಲಿ ಟ್ಯೂನ್ ಆಯಿತು. ಆರು ಮಾತ್ರೆಯ ನಿಧಾನದ ದಾದ್ರಾ, ಮೇಲೆ ನನ್ನ ಕೀಬೋರ್ಡಿನ ಕೊಳಲು. ಎರಡನೆಯ ಸುತ್ತಿನಲ್ಲಿ ಹಾಲೇಶಣ್ಣ ಒಂದು ಪೆಟ್ಟು ಕೈಬಿಟ್ಟರು, ಅಲ್ಲಿ ಆ ಹೆಂಗಸು ಕೈ ಒರೆಸಿಕೊಂಡಂತೆ ನನಗೆ ಕಂಡಿತು. ಮರೆಯಬಾರದೆಂದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಕೊನೆಯಲ್ಲಿ ಒಳಗಿನ ಕುಕ್ಕರ್ ಒಂದು ಸಲ ಕೂಗಿತು. "ನಿಮ್ಮ ಸಿನಿಮಾಕ್ಕೆ ನನ್ನ ಬೇಳೆನೂ ಸೇರ್ತಲ್ಲಪ್ಪ" ಎಂದು ಕರಿಬಸಮ್ಮ ನಕ್ಕರು. ಆ ರೆಕಾರ್ಡಿಂಗನ್ನು "ಇದು ರಫ್ ಮಾತ್ರ" ಎಂದು ಬರೆದು ಸ್ಫೂರ್ತಿಗೆ ಕಳಿಸಿದೆ. ಅವಳು ಇಷ್ಟವಾಯಿತು ಅಂದಳು. ಆದರೆ ನನಗೆ ಅದು ಸಾಕಾಗಲಿಲ್ಲ. ಸಿನಿಮಾ ಅಂದ ಮೇಲೆ ಸ್ಟುಡಿಯೋದಲ್ಲಿ ಆಗಬೇಕು, ಹೆಸರು ಬರುತ್ತದಲ್ಲ.

ಶಿವಮೊಗ್ಗದಲ್ಲಿ ಒಂದು ಮನೆಯ ಮಹಡಿಯ ಮೇಲೆ ಸ್ಟುಡಿಯೋ. ಗೋಡೆಗೆಲ್ಲ ಸ್ಪಂಜು. ಅಲ್ಲಿಯ ಇಂಜಿನಿಯರ್ ಗಡ್ಡದ ಮನುಷ್ಯ, ನಾಲ್ಕಾರು ಸಿನಿಮಾಗಳಿಗೆ ಕೆಲಸ ಮಾಡಿದವನು, ಮಾತು ಕಡಿಮೆ. ಹಾಲೇಶಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ನುಡಿಸಲು ಶುರು ಮಾಡಿ ಅರ್ಧ ನಿಮಿಷವಾಗಿಲ್ಲ, ಇಂಜಿನಿಯರ್ ಕೈ ಎತ್ತಿ ನಿಲ್ಲಿಸಿ, "ತಬಲಾ ಶ್ರುತಿ ಇಲ್ವಲ್ಲ ಸರ್" ಅಂದ. ಹಾಲೇಶಣ್ಣ ಸಣ್ಣ ಸುತ್ತಿಗೆ ತೆಗೆದು ತಬಲಾದ ಅಂಚಿಗೆ ಬಡಿದು ಶ್ರುತಿ ಏರಿಸಿದರು. ಮತ್ತೆ ಶುರು. ಎರಡು ನಿಮಿಷಕ್ಕೆ ಅವರ ಕಿವಿಗೆ ಅದು ತಪ್ಪೆನಿಸಿ, ನಡುವೆ ಕೈ ತಾನಾಗಿ ಸುತ್ತಿಗೆಗೆ ಹೋಗಿ, ಎರಡು ಪೆಟ್ಟಿನಲ್ಲಿ ತಬಲಾ ಮತ್ತೆ ಸೈರನ್ನಿಗೆ ಇಳಿದುಬಿಟ್ಟಿತು. ಹೀಗೆ ಐದು ಸಲ ಆಯಿತು. ಐದನೆಯ ಸಲ ಇಂಜಿನಿಯರ್ ನನ್ನ ಕಡೆ ನೋಡಿ ಸಣ್ಣಗೆ ನಕ್ಕ.

ಈಗ ನಿಜ ಹೇಳುತ್ತೇನೆ. ನಾನು ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು. ಮೈನಸ್ ಮೂವತ್ತೆಂಟು. ಹತ್ತೊಂಬತ್ತು ವರ್ಷದಿಂದ ಒತ್ತಿದ ಗುಂಡಿ, ಕಣ್ಣು ಮುಚ್ಚಿದರೂ ಸಿಗುತ್ತದೆ. ಆದರೆ ಹಾಗೆ ಮಾಡಿದರೆ ಆ ಗಡ್ಡದವನಿಗೆ ಕಾರಣ ಹೇಳಬೇಕಾಗುತ್ತಿತ್ತು. ನಾವು ಸೈರನ್ನಿಗೆ ಶ್ರುತಿ ಕೂಡಿಸುವವರು ಎಂದು ಹೇಳಬೇಕಾಗುತ್ತಿತ್ತು. ಆ ಸ್ಪಂಜಿನ ಕೋಣೆಯಲ್ಲಿ ನನಗೆ ನಾಚಿಕೆಯಾಯಿತು. ಹಾಲೇಶಣ್ಣನ ಇಸ್ತ್ರಿ ಅಂಗಿಯ ಬಗ್ಗೆಯೂ ನಾಚಿಕೆಯಾಯಿತು. "ಹಾಲೇಶಣ್ಣ, ಈಗ ತೆಗೊಂಡಿದ್ದು ಸಾಕಂತೆ. ಉಳಿದಿದ್ದು ಕಂಪ್ಯೂಟರಲ್ಲಿ ಸರಿ ಮಾಡ್ತಾರೆ. ನೀವು ಬಸ್ಸಿಗೆ ಹೊರಡಿ, ಲೇಟಾಗತ್ತೆ" ಅಂದೆ.

"ಸರಿ ಮಾಡೋಕಾಗತ್ತಾ?"

"ಆಗತ್ತೆ."

ಅವರು ತಬಲಾಕ್ಕೆ ಗವಸು ಹಾಕಿ ಹೊರಟರು. ಮೆಟ್ಟಿಲಿಳಿಯುವ ಸದ್ದು ನಿಂತ ಮೇಲೆ ಇಂಜಿನಿಯರ್ ಅವರ ತಬಲಾವನ್ನು ಪೂರ್ತಿ ಅಳಿಸಿ ಒಂದು ಲೂಪ್ ಹಾಕಿದ. ಆಮೇಲೆ ಪಿಟೀಲುಗಳನ್ನು ಸೇರಿಸೋಣವಾ ಎಂದು ಕೇಳಿದ. ಸೇರಿಸು ಅಂದೆ. ಆರು ಪಿಟೀಲು ಬಂದು ಕೂತವು. ಕೇಳಲು ಥೇಟ್ ಸಿನಿಮಾ ಸಂಗೀತದಂತೆಯೇ ಇತ್ತು. ನನಗೆ ಹೆಮ್ಮೆಯಾಯಿತು, ಅದನ್ನೂ ಮುಚ್ಚಿಡುವುದಿಲ್ಲ. ಅದನ್ನೇ ಸ್ಫೂರ್ತಿಗೆ ಕಳಿಸಿದೆ.

ಮುಂದಿನ ಭಾನುವಾರ ಇಂಟರ್ವಲ್ಲಿನಲ್ಲಿ ಹಾಲೇಶಣ್ಣ ಕೇಳಿದರು, "ನಂದು ಹೆಂಗೆ ಬಂದಿದೆ?" ಚೆನ್ನಾಗಿ ಬಂದಿದೆ ಅಂದೆ. ಅದರ ಮುಂದಿನ ಭಾನುವಾರವೂ ಕೇಳಿದರು, ನಾನೂ ಹಾಗೇ ಅಂದೆ. ಎರಡು ತಿಂಗಳು ಇದೇ ನಡೆಯಿತು. ಒಂದು ಸಲ ಬಸ್ಸಿನಲ್ಲಿ ಹೇಳಿಬಿಡಬೇಕೆಂದು ಬಾಯಿ ತೆರೆದೆ, ಕಂಡಕ್ಟರ್ ಟಿಕೆಟ್ ಕೇಳಿದ, ಬಾಯಿ ಮುಚ್ಚಿಕೊಂಡೆ. ಅಷ್ಟರಲ್ಲಿ ಅವರು ನ್ಯೂಟೌನಿಗೆಲ್ಲ ಹೇಳಿ ಮುಗಿಸಿದ್ದರು. ಟೈಲರ್ ಅಂಗಡಿ, ಹೋಟೆಲು, ಹಳೇ ಡಿಪಾರ್ಟ್‌ಮೆಂಟಿನ ಗೆಳೆಯರು, ಯಾರನ್ನೂ ಬಿಟ್ಟಿರಲಿಲ್ಲ. ನನ್ನನ್ನು ಕಂಡವರೆಲ್ಲ "ಹಾಲೇಶಂದು ತಬಲಾ ಇದೆಯಂತಲ್ಲ ಸಿನಿಮಾದಾಗೆ" ಅನ್ನುವವರೇ. ಆ ಎರಡು ತಿಂಗಳು ಗ್ರೂಪಿನಲ್ಲಿ ನಾನು ಲೂಪಿನ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಬರೆಯಲು ಕೈ ಬರಲಿಲ್ಲ.

ಸಿನಿಮಾವನ್ನು ಮೊದಲು ತೋರಿಸಿದ್ದು ಭದ್ರಾವತಿಯಲ್ಲೇ, ನ್ಯೂಟೌನಿನ ಒಂದು ಸಮುದಾಯ ಭವನದಲ್ಲಿ, ಶನಿವಾರ ಸಂಜೆ ನಾಲ್ಕಕ್ಕೆ. ಹಾಲೇಶಣ್ಣ ಇಪ್ಪತ್ತೆರಡು ಜನರನ್ನು ಕರೆದುಕೊಂಡು ಬಂದಿದ್ದರು. ಕರಿಬಸಮ್ಮ ರೇಷ್ಮೆ ಸೀರೆ ಉಟ್ಟಿದ್ದರು. ನನ್ನನ್ನು ನಡುವೆ ಕೂರಿಸಿಕೊಂಡರು. ಸಿನಿಮಾ ಚೆನ್ನಾಗಿತ್ತು, ಯಾರೂ ಯಾರನ್ನೂ ಕೊಚ್ಚಲಿಲ್ಲ. ಆದರೆ ನಾನು ನೋಡಿದ್ದೆಲ್ಲಿ? ಲೂಪ್ ಶುರುವಾದ ಕೂಡಲೇ ಈ ಮನುಷ್ಯ ತೊಡೆಯ ಮೇಲೆ ಬೆರಳಿಟ್ಟು ಮೂರನೇ ಸುತ್ತಿಗೆ ಹಿಡಿದುಬಿಡುತ್ತಾರೆ ಅನ್ನುವುದೊಂದೇ ನನ್ನ ತಲೆಯಲ್ಲಿ.

ಕೊನೆಯ ದೃಶ್ಯ ಬಂತು. ಹೆಂಗಸು ಪಾತ್ರೆಗಳ ಮುಂದೆ ಕೂತಳು. ದೂರದಲ್ಲಿ ಎರಡು ಗಂಟೆಯ ಸೈರನ್ ಏರತೊಡಗಿತು, ಏರಿ ಏರಿ ನಿಂತಿತು. ಅದು ನಿಂತ ಸ್ವರದ ಮೇಲೆಯೇ ತಬಲಾ ಶುರುವಾಯಿತು. ಒಂದು ಸುತ್ತು, ಎರಡನೇ ಸುತ್ತು, ಅಲ್ಲಿ ಒಂದು ಪೆಟ್ಟು ಇಲ್ಲ. ಹೆಂಗಸು ಕೈ ಒರೆಸಿಕೊಂಡಳು. ಪಿಟೀಲುಗಳಿರಲಿಲ್ಲ. ಲೂಪ್ ಇರಲಿಲ್ಲ. ಪಾತ್ರೆ ಉಜ್ಜುವ ಸದ್ದು, ಹಾಲೇಶಣ್ಣನ ಕೈ, ನನ್ನ ಕೊಳಲು, ಕೊನೆಗೆ ಒಂದು ಕುಕ್ಕರ್ ಕೂಗು. ಕರಿಬಸಮ್ಮ "ಅಯ್ಯೋ, ನಮ್ಮ ಬೇಳೆ" ಅಂದರು. ಇಪ್ಪತ್ತೆರಡು ಜನರೂ ಚಪ್ಪಾಳೆ ಹೊಡೆದರು. ನನಗೆ ಅಳು ಬಂತು. ಟ್ಯೂನ್ ಚೆನ್ನಾಗಿ ಬಂದದ್ದಕ್ಕೋ ತಪ್ಪಿಸಿಕೊಂಡೆ ಅನ್ನುವುದಕ್ಕೋ ಗೊತ್ತಾಗಲಿಲ್ಲ.

ಹೊರಗೆ ಸ್ಫೂರ್ತಿ ಸಿಕ್ಕಳು. "ಸಾರಿ ಸರ್, ಕೇಳದೆ ಬದಲಾಯಿಸಿದೆ. ಸ್ಟುಡಿಯೋದ್ದು ಚೆನ್ನಾಗೇ ಇತ್ತು. ಆದ್ರೆ ಆ ಸೀನಲ್ಲಿ ಸೈರನ್ ಇದೆಯಲ್ಲ, ಅದರ ಪಕ್ಕ ಸ್ಟುಡಿಯೋದ್ದು ಇಟ್ರೆ ಹಲ್ಲು ಜುಂ ಅಂತಿತ್ತು. ಫೋನಿಂದು ಹಾಕಿದ್ರೆ ಎರಡೂ ಒಂದೇ ಆಗಿ ಕೂತ್ಕೊಂಡ್ಬಿಡ್ತು. ಯಾಕಂತ ನಂಗೆ ಇವತ್ತಿಗೂ ಗೊತ್ತಾಗಿಲ್ಲ."

ನನಗೆ ಗೊತ್ತಿತ್ತು. ನನ್ನ ಹಿಂದೆ ನಿಂತಿದ್ದ ಹಾಲೇಶಣ್ಣನಿಗೂ ಗೊತ್ತಿತ್ತು.

ಎಲ್ಲರೂ ಟೀ ಕುಡಿಯುತ್ತಿದ್ದಾಗ ಅವರು ನನ್ನನ್ನು ಕಾಂಪೌಂಡಿನ ಪಕ್ಕಕ್ಕೆ ಕರೆದರು. ಹಳೇ ಡಿಪಾರ್ಟ್‌ಮೆಂಟಿನ ಗಂಗಾಧರಪ್ಪ ಬಂದು ಅವರ ಬೆನ್ನು ತಟ್ಟಿ ಹೋಗುವವರೆಗೆ ಕಾದರು. ಆಮೇಲೆ, "ಇದು ನಮ್ಮನೇದು" ಅಂದರು. "ಸ್ಟುಡಿಯೋದಾಗೆ ನಂದೇನಾಯ್ತು ಶಿವು?"

"ತೆಗೆಸಿದೆ."

"ಅದ್ರ ಜಾಗಕ್ಕೆ?"

"ಲೂಪ್ ಹಾಕಿಸಿದೆ."

ಅವರು ಟೀ ಲೋಟವನ್ನು ಕಾಂಪೌಂಡಿನ ಮೇಲಿಟ್ಟರು. "ಅವತ್ತೇ ಹೇಳಿದ್ರೆ ಆಗ್ತಿತ್ತು" ಎಂದಷ್ಟೇ ಹೇಳಿ ಗೆಳೆಯರ ಕಡೆ ಹೋದರು. ಅವರ ಜೊತೆ ನಕ್ಕರು, ಫೋಟೋ ತೆಗೆಸಿಕೊಂಡರು. ನನ್ನ ಕಡೆ ಮತ್ತೆ ತಿರುಗಲಿಲ್ಲ. ಮರುದಿನ ಭಾನುವಾರ, ಅವರು ಸಿನಿಮಾಕ್ಕೆ ಬರಲಿಲ್ಲ. ನಾನೊಬ್ಬನೇ ಹೋಗಿ ಇಂಟರ್ವಲ್ಲಿಗೆ ಎದ್ದು ಬಂದೆ. ಸಿನಿಮಾ ಹೇಗಿತ್ತೆಂದು ಕೇಳಿದರೆ ಹೇಳಲಾರೆ.

ಆ ವಾರವೆಲ್ಲ ಗ್ರೂಪಿಗೆ ಒಂದು ದೊಡ್ಡ ಬರಹ ಬರೆಯುತ್ತಿದ್ದೆ. ಲೂಪನ್ನು ಬೈಯುವ ನಾನೇ ಲೂಪ್ ಹಾಕಿಸಿದೆ, ಪಿಟೀಲನ್ನು ಬೈಯುವ ನಾನೇ ಆರು ಪಿಟೀಲು ಕೂರಿಸಿದೆ, ಈ ಊರಿನ ಒಳ್ಳೆಯ ತಬಲಾದವರೊಬ್ಬರಿಗೆ ಮೋಸ ಮಾಡಿದೆ, ಹೀಗೆ. ಶನಿವಾರ ರಂಜಿನಿಗೆ ಓದಿ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಪೂರ್ತಿ ಕೇಳಿ, "ಚೆನ್ನಾಗಿದೆ ರೀ. ಇಪ್ಪತ್ತು ಹೆಬ್ಬೆರಳು ಬರ್ತವೆ" ಅಂದಳು. ಆಮೇಲೆ ತಲೆ ಎತ್ತದೆ, "ನೀವು ಮೋಸ ಮಾಡಿದ್ದು ಗ್ರೂಪಿಗಾ?" ಅಂದಳು. ಬರೆದದ್ದನ್ನು ಅಳಿಸಿದೆ.

ಮರುದಿನ ಬೆಳಿಗ್ಗೆಯೇ ಕೀಬೋರ್ಡ್ ಹೊತ್ತು ಬಸ್ಸು ಹತ್ತಿದೆ. ಬಾಗಿಲು ತೆರೆದದ್ದು ಕರಿಬಸಮ್ಮ. "ಬಂದ್ಯಲ್ಲಪ್ಪ, ಒಳಗೆ ಕೂತಿದಾರೆ" ಎಂದು ದಾರಿ ಬಿಟ್ಟರು. ಹಾಲೇಶಣ್ಣ ಚಾಪೆಯ ಮೇಲೆ ತಬಲಾ ಇಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಅವರ ಫೋನಿತ್ತು, ಪರದೆಯ ಮೇಲೆ ಶ್ರುತಿ ತೋರಿಸುವ ಮುಳ್ಳು.

"ಹಾಲೇಶಣ್ಣ, ತಪ್ಪಾಯ್ತು" ಅಂದೆ.

"ಕೂತ್ಕೋ." ಫೋನನ್ನು ನನ್ನ ಕಡೆ ತಿರುಗಿಸಿದರು. "ಮಗಳ ಹತ್ರ ಇದನ್ನ ಹಾಕಿಸ್ಕೊಂಡೆ. ಒಂದು ವಾರದಿಂದ ಏರಿಸಿ ಏರಿಸಿ ಕಿವಿಗೆ ರೂಢಿ ಮಾಡ್ಕೊಂಡಿದೀನಿ. ಈಗ ಸರಿಯಾಗಿ ನಿಂತಿದೆ, ಕೆಳಗೆ ಜಾರಲ್ಲ. ಇನ್ನು ನಿಂಗೆ ಯಾರ ಮುಂದೂ ನಾಚಿಕೆ ಆಗೋದು ಬೇಡ ಮಾರಾಯ."

ನಾಚಿಕೆ ಅನ್ನುವ ಮಾತನ್ನು ನಾನು ಅವರಿಗೆ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಸ್ಟುಡಿಯೋದಲ್ಲಿ ಬೆನ್ನು ತಿರುಗಿಸಿ ಗವಸು ಹಾಕುತ್ತಿದ್ದ ಮನುಷ್ಯ ಅದನ್ನು ಆಗಲೇ ಕಂಡಿದ್ದರು, ಕಂಡೂ ಎರಡು ತಿಂಗಳು ನನ್ನ ಪಕ್ಕ ಕೂತು ಸಿನಿಮಾ ನೋಡಿದ್ದರು, "ನಂದು ಹೆಂಗೆ ಬಂದಿದೆ" ಎಂದು ಕೇಳಿದ್ದರು. ನಾನು ಹೇಳಲಿ ಎಂದೇ ಕೇಳುತ್ತಿದ್ದರು. ನೆಲ ನೋಡುತ್ತ ಕೀಬೋರ್ಡಿನ ಚೀಲ ಬಿಚ್ಚಿದೆ. ಆನ್ ಮಾಡಿದೆ. ಬೆರಳು ತಾನಾಗಿ ಗುಂಡಿಗೆ ಹೋಯಿತು, ಮೈನಸ್ ಮೂವತ್ತೆಂಟಕ್ಕೆ ಇಳಿಸಿ ಷಡ್ಜ ಹಿಡಿದೆ. ಅವರು ತಬಲಾದ ಮೇಲೆ ಬೆರಳು ಹೊಡೆದರು.

ಎರಡೂ ಒಂದಕ್ಕೊಂದು ಹೊಡೆದುಕೊಂಡವು. ಒಳಗಿನಿಂದ ಕರಿಬಸಮ್ಮ, "ಏನದು, ಇಷ್ಟು ವರ್ಷ ಆಗಿ ಇನ್ನೂ ಕೂಡಿಸೋಕೆ ಬರಲ್ವಾ ನಿಮಗೆ?" ಎಂದು ಕೇಳಿದರು.

ಹಾಲೇಶಣ್ಣ ನನ್ನ ಕೀಬೋರ್ಡಿನ ಪರದೆ ನೋಡಿದರು. ಅಲ್ಲಿದ್ದ ಅಂಕಿ ಓದಿದರು. ನಾನು ಗುಂಡಿ ಮೇಲಕ್ಕೆ ಒತ್ತಲು ಹೋದರೆ ಕೈ ಅಡ್ಡ ಇಟ್ಟರು.

"ಬೇಡ, ಇರ್ಲಿ" ಎಂದು ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟರು. "ಏರಿಸೋಕೆ ಒಂದು ವಾರ ಹಿಡೀತು. ಇಳಿಸೋದು ನೀನೇ ಇಳಿಸು."

ಹತ್ತೊಂಬತ್ತು ವರ್ಷದಲ್ಲಿ ನಾನು ಅವರ ತಬಲಾ ಮುಟ್ಟಿದವನಲ್ಲ. ಅಂಚಿಗೆ ಕೆಳಗಿನಿಂದ ಮೇಲಕ್ಕೆ ಒಂದು ಪೆಟ್ಟು ಹೊಡೆದೆ. ತಿರುಗಿಸಿ ಇನ್ನೊಂದು ಕಡೆ, ಮತ್ತೊಂದು ಕಡೆ. ಅವರು ಫೋನನ್ನು ಬೋರಲು ಹಾಕಿದರು. ಕೀಬೋರ್ಡಿನ ಸ್ವರವನ್ನೂ ನಾನು ಬಿಟ್ಟೆ, ಸೈರನ್ನಿಗೆ ಇನ್ನೂ ಮೂರು ಗಂಟೆ ಬಾಕಿ ಇತ್ತು, ಕಿವಿಯ ನೆನಪೊಂದೇ ಅಳತೆ. ಐದನೆಯ ಪೆಟ್ಟಿಗೆ ಸಾಕು ಅನಿಸಿತು. ಸುತ್ತಿಗೆ ಕೆಳಗಿಟ್ಟೆ.

ಹಾಲೇಶಣ್ಣ ಬೆರಳು ಹೊಡೆದು, ತಲೆ ವಾಲಿಸಿ ಕೇಳಿ, "ಹ್ಞಂ, ನಿಂತಿದೆ. ನುಡಿಸು" ಅಂದರು.